ಹಳೆಯ ಕಂಪ್ಯೂಟರಿಗೆ ಬೂಟ್ ಫ್ಲಾಪಿ: ಯಾವ ಡಾಸ್ ಹಾಕಬೇಕು, ಯಾವ ದಾರಿಯಲ್ಲಿ ಬರೆಯಬೇಕು?

ಅಟ್ಟದಿಂದ ಇಳಿಸಿದ ಹಳೆಯ ಕಂಪ್ಯೂಟರಿನ ಧೂಳು ಒರೆಸಿ ಆನ್ ಮಾಡುತ್ತೀರಿ. ಮೆಮೊರಿ ಎಣಿಕೆ ಮುಗಿಯುತ್ತದೆ, ಒಂದು ಬೀಪ್ ಬರುತ್ತದೆ, ಫ್ಲಾಪಿ ಡ್ರೈವಿನ ದೀಪ ಒಮ್ಮೆ ಹತ್ತಿ ಆರುತ್ತದೆ. ಆಮೇಲೆ ಪರದೆ ಮೇಲೆ ಒಂದೇ ಸಾಲು: ಸಿಸ್ಟಂ ಡಿಸ್ಕ್ ಹಾಕಿ, ಯಾವುದಾದರೂ ಕೀ ಒತ್ತಿ. ಹಾರ್ಡ್ ಡಿಸ್ಕ್ ಸತ್ತಿದೆ ಅಥವಾ ಖಾಲಿ ಇದೆ. ಯಂತ್ರವನ್ನು ಎಬ್ಬಿಸುವ ಫ್ಲಾಪಿ, ಅಂದರೆ ಬೂಟ್ ಫ್ಲಾಪಿ, ಬೇಕೇ ಬೇಕು.

ಇಲ್ಲಿಗೆ ಬಂದವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಕಮಾಂಡ್ ಟೈಪ್ ಮಾಡಿ ನಡೆಸುವ ಹಳೆಯ ಆಪರೇಟಿಂಗ್ ಸಿಸ್ಟಂ ಆದ ಡಾಸ್‌ಗಳಲ್ಲಿ ಎಂಎಸ್-ಡಾಸ್ ಹಾಕಲಾ, ಫ್ರೀಡಾಸ್ ಹಾಕಲಾ? ಯುಎಸ್‌ಬಿ ಫ್ಲಾಪಿ ಡ್ರೈವ್ ಕೊಂಡರೆ ಸಾಕಾ, ಪೆನ್ ಡ್ರೈವನ್ನೇ ಫ್ಲಾಪಿಯಂತೆ ತೋರಿಸುವ ಗೋಟೆಕ್ ತಗೊಳ್ಳಲಾ? ನಾನು ಮೊದಲು ಬೇರೆಯದನ್ನೇ ಕೇಳುತ್ತೇನೆ. ಆ ಹಳೆಯ ಕಂಪ್ಯೂಟರಿನಲ್ಲಿ ಇರುವ ಫ್ಲಾಪಿ ಡ್ರೈವ್ ಯಾವುದು? ಉಳಿದ ಅರ್ಧ ತೀರ್ಮಾನ ಅದರ ಉತ್ತರದಲ್ಲೇ ಇರುತ್ತದೆ. ಫ್ಲಾಪಿಯನ್ನು ನಾವು ಎಲ್ಲೋ ಬರೆಯುತ್ತೇವೆ, ಓದಬೇಕಾದ್ದು ಆ ಡ್ರೈವ್. ಅದಕ್ಕೆ ಓದೋಕೆ ಆಗದಿದ್ದರೆ ಒಳಗೆ ಯಾವ ಡಾಸ್ ಇದ್ದರೂ ಒಂದೇ.

ಆರಿಸುವ ಮೊದಲು ನೋಡಬೇಕಾದ್ದು

ಒಂದು, ಡ್ರೈವಿನ ಜಾತಿ. ಎರಡು, ಪ್ರೊಸೆಸರ್: 8088, 286ರ ಕಾಲದ್ದಾ, 386 ಅಥವಾ ಅದರ ನಂತರದ್ದಾ. ಮೂರು, ಫ್ಲಾಪಿಯಿಂದ ಆಗಬೇಕಾದ ಕೆಲಸ. ಸುಮ್ನೆ ಎ ಪ್ರಾಂಪ್ಟ್ (ಕಮಾಂಡ್ ಟೈಪ್ ಮಾಡುವ ಸಾಲು) ಬಂದರೆ ಸಾಕಾ, ಬಯಾಸ್ (ಆನ್ ಮಾಡಿದ ಕೂಡಲೇ ಮದರ್‌ಬೋರ್ಡಿನಿಂದ ಓಡುವ ಪ್ರೋಗ್ರಾಂ) ಅಪ್‌ಡೇಟ್ ಮಾಡಬೇಕಾ, ಸಿಡಿಯಿಂದ ವಿಂಡೋಸ್ ಹಾಕಬೇಕಾ, ಹಳೆಯ ಫೈಲುಗಳನ್ನು ಹೊರಗೆ ತೆಗೆಯಬೇಕಾ? ನಾಲ್ಕು, ಫ್ಲಾಪಿ ಬರೆಯಲು ನಿಮ್ಮ ಕೈಯಲ್ಲಿ ಏನಿದೆ. ಐದು, ಇದು ಒಂದೇ ಸಲದ ಕೆಲಸವಾ ಅಥವಾ ಆ ಯಂತ್ರವನ್ನು ಇಟ್ಟುಕೊಂಡು ದಿನಾ ಬಳಸುವ ಆಸೆಯಾ. ಖರ್ಚು ಎಷ್ಟು ಮಾಡಬಹುದು ಅನ್ನೋದು ಈ ಐದನೆಯದಕ್ಕೇ ಅಂಟಿಕೊಂಡಿದೆ.

ಮೊದಲು ಡ್ರೈವ್

ಒಂದು ಮೂರೂವರೆ ಇಂಚಿನ ಫ್ಲಾಪಿಯನ್ನು ಕೈಯಲ್ಲಿ ಹಿಡಿದು ನೋಡಿ. ಒಂದು ಮೂಲೆಯಲ್ಲಿ ಜಾರುವ ಪುಟ್ಟ ಪ್ಲಾಸ್ಟಿಕ್ ಬಾಗಿಲು ಇರುವ ತೂತು ಇದೆ. ಅದು ಬರೆಯದಂತೆ ತಡೆಯುವ ಬೀಗ. ತೂತು ತೆರೆದಿದ್ದರೆ ಡಿಸ್ಕಿಗೆ ಏನನ್ನೂ ಬರೆಯಲಾಗದು. ಎದುರಿನ ಮೂಲೆಯಲ್ಲಿ ಬಾಗಿಲೇ ಇಲ್ಲದ ಇನ್ನೊಂದು ತೂತು ಇದ್ದರೆ ಅದು ಹೈ ಡೆನ್ಸಿಟಿ ಡಿಸ್ಕ್, 1.44 ಎಂಬಿ. ಆ ಎರಡನೇ ತೂತು ಇಲ್ಲದಿದ್ದರೆ ಡಬಲ್ ಡೆನ್ಸಿಟಿ, 720 ಕೆಬಿ.

1.44 ಎಂಬಿ ಡ್ರೈವ್ 1987ರಲ್ಲಿ ಐಬಿಎಂನ ಪಿಎಸ್/2 ಜೊತೆ ಬಂತು. ಅದಕ್ಕಿಂತ ಹಳೆಯ ಯಂತ್ರವಾದರೆ, ಅಥವಾ ಆ ಕಾಲದ ಕಡಿಮೆ ಬೆಲೆಯ ಮಾಡೆಲ್ ಆದರೆ, ಒಳಗೆ 720 ಕೆಬಿ ಡ್ರೈವೇ ಇರಬಹುದು. ಆಗ 1.44 ಆಗಿ ಬರೆದ ಫ್ಲಾಪಿ ಅದರಲ್ಲಿ ಓದುವುದೇ ಇಲ್ಲ. ಹೈ ಡೆನ್ಸಿಟಿ ಡಿಸ್ಕಿನ ತೂತಿಗೆ ಟೇಪ್ ಅಂಟಿಸಿ 720 ಆಗಿ ಫಾರ್ಮ್ಯಾಟ್ ಮಾಡುವ ಉಪಾಯವನ್ನು ಎಷ್ಟೋ ಜನ ಹೇಳುತ್ತಾರೆ. ಒಂದು ದಿನದ ಮಟ್ಟಿಗೆ ನಡೆಯುತ್ತದೆ, ಆಮೇಲೆ ಕೈಕೊಡುತ್ತದೆ. ಎರಡು ಬಗೆಯ ಡಿಸ್ಕಿನ ಕಾಂತೀಯ ಲೇಪನವೇ ಬೇರೆ. ಹೈ ಡೆನ್ಸಿಟಿ ಲೇಪನಕ್ಕೆ ಜೋರಾದ ಸಿಗ್ನಲ್ ಬೇಕು, ಹಳೆಯ ಡ್ರೈವ್ ಅಷ್ಟು ಜೋರಾಗಿ ಬರೆಯುವುದಿಲ್ಲ. ನಿಜವಾದ ಡಬಲ್ ಡೆನ್ಸಿಟಿ ಡಿಸ್ಕನ್ನೇ ಹುಡುಕಿ.

ಐದೂಕಾಲು ಇಂಚಿನದ್ದು ಇನ್ನೂ ಸೂಕ್ಷ್ಮ. ಇದರಲ್ಲೂ ಎರಡು ಜಾತಿ: 360 ಕೆಬಿ, 1.2 ಎಂಬಿ. 360ರ ಡ್ರೈವ್ ಒಂದು ಬದಿಗೆ 40 ಟ್ರ್ಯಾಕ್ ಬರೆಯುತ್ತದೆ. 1.2ರದ್ದು ಅಷ್ಟೇ ಜಾಗದಲ್ಲಿ 80 ಬರೆಯುತ್ತದೆ, ಹಾಗಾಗಿ ಅದರ ಹೆಡ್ ಅರ್ಧದಷ್ಟೇ ಅಗಲ. 1.2ರ ಡ್ರೈವಿನಲ್ಲಿ 360ರ ಡಿಸ್ಕಿಗೆ ಬರೆದರೆ ಅಗಲವಾದ ಹಳೆಯ ಗೆರೆಯ ನಡುವೆ ತೆಳ್ಳಗಿನ ಹೊಸ ಗೆರೆ ಬೀಳುತ್ತದೆ. 360ರ ಡ್ರೈವಿನ ದಪ್ಪ ಹೆಡ್ಡಿಗೆ ಹಳೆಯದೂ ಹೊಸದೂ ಒಟ್ಟಿಗೆ ಕೇಳಿಸಿ ಗೊಂದಲವಾಗುತ್ತದೆ. ಬರೆದ ಡ್ರೈವಿನಲ್ಲಿ ಚೆನ್ನಾಗಿ ಓದುವ ಡಿಸ್ಕ್ ಹಳೆಯ ಯಂತ್ರದಲ್ಲಿ ಎರರ್ ಕೊಡುವುದು ಇದೇ ಕಾರಣಕ್ಕೆ. ಹಿಂದೆಂದೂ ಬರೆಯದ ಡಿಸ್ಕ್ ಅಥವಾ ಆಯಸ್ಕಾಂತದಿಂದ ಪೂರ್ತಿ ಅಳಿಸಿದ ಡಿಸ್ಕ್ ಇದ್ದರೆ ತೊಂದರೆ ಕಡಿಮೆ.

ಒಳಗೆ ಯಾವ ಡಾಸ್?

ಇದಕ್ಕೆ ಮೊದಲು ಒಂದು ವಿಷಯ ತಿಳಿದಿರಲಿ. ಬೂಟ್ ಫ್ಲಾಪಿ ಅಂದರೆ ಡಾಸ್ ಫೈಲುಗಳಿರುವ ಫ್ಲಾಪಿ ಅಲ್ಲ. ಕಂಪ್ಯೂಟರ್ ಆನ್ ಆದಾಗ ಬಯಾಸ್ ಡಿಸ್ಕಿನ ಮೊಟ್ಟಮೊದಲ 512 ಬೈಟನ್ನು ಮೆಮೊರಿಗೆ ಎತ್ತಿಕೊಂಡು ಅದಕ್ಕೆ ಕೆಲಸ ಒಪ್ಪಿಸುತ್ತದೆ. ಅದೇ ಬೂಟ್ ಸೆಕ್ಟರ್. ಅದು ಹೋಗಿ ಡಾಸ್ ಫೈಲುಗಳನ್ನು ಹುಡುಕಿ ಎಬ್ಬಿಸುತ್ತದೆ. ಬೇರೆ ಫ್ಲಾಪಿಯಿಂದ ಫೈಲುಗಳನ್ನು ಮಾತ್ರ ಕಾಪಿ ಮಾಡಿದರೆ ಈ 512 ಬೈಟ್ ಬರುವುದಿಲ್ಲ, ಡಿಸ್ಕ್ ಬೂಟ್ ಆಗುವುದಿಲ್ಲ.

ಎಂಎಸ್-ಡಾಸ್ 6.22 ಬಂದದ್ದು 1994ರಲ್ಲಿ. 8088ರಿಂದ ಹಿಡಿದು ಮುಂದಿನ ಎಲ್ಲದರಲ್ಲೂ ಓಡುತ್ತದೆ. ಹಳೆಯ ಆಟ, ಹಳೆಯ ಲೆಕ್ಕದ ಪ್ರೋಗ್ರಾಂ, ವಿಂಡೋಸ್ 3.1 ಎಲ್ಲ ಇದರ ಮೇಲೆ ನೆಟ್ಟಗೆ ನಡೆಯುತ್ತವೆ, ಯಾಕಂದರೆ ಅವನ್ನು ಬರೆದದ್ದೇ ಈ ವಂಶದ ಡಾಸಿಗಾಗಿ. ಕೊರತೆ ಏನು ಅಂದರೆ, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫ್ಯಾಟ್32 ಎಂಬ ಆಮೇಲಿನ ಕ್ರಮ ಗೊತ್ತಿಲ್ಲ. ವಿಂಡೋಸ್ 98 ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಮಾಡಿದ ಹಾರ್ಡ್ ಡಿಸ್ಕ್ ಇದಕ್ಕೆ ಕಾಣುವುದೇ ಇಲ್ಲ. ಒಂದು ಪಾರ್ಟಿಷನ್ 2 ಜಿಬಿ ದಾಟುವಂತೆಯೂ ಇಲ್ಲ. ಮತ್ತೆ ಇದು ಈಗಲೂ ಮೈಕ್ರೋಸಾಫ್ಟಿನ ಸ್ವತ್ತು. 1.25, 2.0, 4.0 ಆವೃತ್ತಿಗಳ ಮೂಲ ಕೋಡ್ ಮುಕ್ತವಾಗಿದೆ, 6.22 ಆಗಿಲ್ಲ. ನಿಮ್ಮ ಹತ್ತಿರ ಅಸಲಿ ಡಿಸ್ಕ್ ಇದ್ದರೆ ಬಳಸಿ.

ಇದರಲ್ಲಿ ಒಂದು ಸಣ್ಣ ಕಿವಿಮಾತು. 6.22ರಿಂದ ಸಿಸ್ಟಂ ಡಿಸ್ಕ್ ಮಾಡಿದಾಗ ಡಿಆರ್‌ವಿಸ್ಪೇಸ್.ಬಿನ್ ಎಂಬ ಅಡಗಿದ ಫೈಲೂ ಜೊತೆಗೆ ಬರುತ್ತದೆ. ಡಿಸ್ಕನ್ನು ಕಂಪ್ರೆಸ್ ಮಾಡಿ ಬಳಸುವವರಿಗೆ ಬಿಟ್ಟರೆ ಬೇರೆ ಯಾರಿಗೂ ಅದು ಬೇಡ. ಅಳಿಸಿದರೆ 66 ಸಾವಿರ ಬೈಟಿಗಿಂತ ಸ್ವಲ್ಪ ಜಾಸ್ತಿ ಜಾಗ ಉಳಿಯುತ್ತದೆ, ಬೂಟ್ ಆದಮೇಲೆ ಮೆಮೊರಿಯೂ ಉಳಿಯುತ್ತದೆ. 360 ಕೆಬಿ ಡಿಸ್ಕಿನಲ್ಲಿ ಇದು ದೊಡ್ಡ ಲಾಭ.

ವಿಂಡೋಸ್ 98ರ ಸ್ಟಾರ್ಟಪ್ ಡಿಸ್ಕ್ ಬೇರೆಯೇ ಲೆಕ್ಕ. ಸಿಡಿ ಡ್ರೈವ್ ಎಬ್ಬಿಸುವ ಡ್ರೈವರುಗಳು ಅದರಲ್ಲೇ ಇವೆ. ಬೂಟ್ ಆದ ಕೂಡಲೇ ಸಿಡಿ ಬೇಕಾ ಬೇಡವಾ ಎಂದು ಮೆನು ಕೇಳುತ್ತದೆ. ಫ್ಯಾಟ್32 ಗೊತ್ತು, ಹಾರ್ಡ್ ಡಿಸ್ಕನ್ನು ಭಾಗ ಮಾಡುವ ಎಫ್‌ಡಿಸ್ಕ್ ಇದೆ, ಫಾರ್ಮ್ಯಾಟ್ ಇದೆ. ಇಷ್ಟೆಲ್ಲ ಒಂದು ಫ್ಲಾಪಿಯಲ್ಲಿ ಹಿಡಿಯದ ಕಾರಣ ಉಪಕರಣಗಳನ್ನು ಒತ್ತಿ ಇಟ್ಟಿರುತ್ತಾರೆ. ಬೂಟ್ ಆಗುವಾಗ ಮೆಮೊರಿಯಲ್ಲಿ 2 ಎಂಬಿಯ ಒಂದು ತಾತ್ಕಾಲಿಕ ಡ್ರೈವ್ ಸೃಷ್ಟಿಸಿ ಅಲ್ಲಿ ಬಿಚ್ಚುತ್ತದೆ. ಆ ತಾತ್ಕಾಲಿಕ ಡ್ರೈವ್ ಒಂದು ಅಕ್ಷರ ಕಿತ್ತುಕೊಳ್ಳುವುದರಿಂದ ಸಿಡಿ ಒಂದು ಅಕ್ಷರ ಮುಂದಕ್ಕೆ ಹೋಗುತ್ತದೆ. ಡಿ ಎಂದುಕೊಂಡಿದ್ದು ಇ ಆಗಿರುತ್ತದೆ. ಸಿಡಿ ಡ್ರೈವ್ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಇ ಒಮ್ಮೆ ನೋಡಿ. 386ಕ್ಕಿಂತ ಹಳೆಯ ಯಂತ್ರಕ್ಕೆ ಈ ಡಿಸ್ಕ್ ಆಗದು.

ಫ್ರೀಡಾಸ್ 1994ರಲ್ಲಿ ಶುರುವಾದ ಮುಕ್ತ ಯೋಜನೆ. 1.0 ಆವೃತ್ತಿ ಬರಲು 2006 ಆಯಿತು, 1.3 ಬಂದದ್ದು 2022ರಲ್ಲಿ. ಇವತ್ತಿಗೂ ಅದರ ಕೆಲಸ ನಡೆಯುತ್ತಿದೆ ಅನ್ನೋದೇ ನನಗೆ ಸಂತೋಷ. ಹಣ ಕೊಡಬೇಕಿಲ್ಲ, ಯಾರಿಗೆ ಬೇಕಾದರೂ ಕಾಪಿ ಕೊಡಬಹುದು. ಫ್ಯಾಟ್32 ಗೊತ್ತು, ತೀರಾ ಹಳೆಯ ಪ್ರೊಸೆಸರಿಗೂ ಒಗ್ಗುತ್ತದೆ, ಹಳೆಯ ಯಂತ್ರಗಳಿಗೆಂದೇ ಫ್ಲಾಪಿ ಎಡಿಷನ್ ಕೊಡುತ್ತಾರೆ. ಬಯಾಸ್ ಅಪ್‌ಡೇಟಿಗೆ, ಹಾರ್ಡ್ ಡಿಸ್ಕ್ ಪರೀಕ್ಷೆಗೆ, ಫೈಲ್ ಎತ್ತಿಡಲು ನಾನು ಮೊದಲು ಕೈಹಾಕುವುದು ಇದಕ್ಕೇ. ವಿಂಡೋಸ್ 3.1 ಓಡಿಸುವ ಉದ್ದೇಶ ಇದ್ದರೆ ಮಾತ್ರ ಎಂಎಸ್-ಡಾಸೇ ವಾಸಿ. ಫ್ರೀಡಾಸಿನಲ್ಲಿ ಅದಕ್ಕೆ ಗುದ್ದಾಡಬೇಕಾಗುತ್ತದೆ.

ವಿಂಡೋಸ್ ಎಕ್ಸ್‌ಪಿಯಲ್ಲಿ ಫ್ಲಾಪಿ ಫಾರ್ಮ್ಯಾಟ್ ಮಾಡುವ ಕಿಟಕಿಯಲ್ಲೇ ಎಂಎಸ್-ಡಾಸ್ ಸ್ಟಾರ್ಟಪ್ ಡಿಸ್ಕ್ ಮಾಡು ಎಂಬ ಟಿಕ್ ಇದೆ. ಒಂದು ಕ್ಲಿಕ್ಕಿನಲ್ಲಿ ಮುಗಿಯುತ್ತದೆ. ಆದರೆ ಬರುವುದು ಬರೀ ಪ್ರಾಂಪ್ಟ್. ಸಿಡಿ ಡ್ರೈವರ್ ಇಲ್ಲ, ಎಫ್‌ಡಿಸ್ಕ್ ಇಲ್ಲ. ಬಯಾಸ್ ಅಪ್‌ಡೇಟಿಗೆ ಸಾಕು, ಬೇರೇನಕ್ಕೂ ಸಾಲದು.

ಬರೆಯುವುದು ಯಾವುದರಲ್ಲಿ?

ಎಲ್ಲಕ್ಕಿಂತ ಒಳ್ಳೆಯ ದಾರಿ, ಆ ಹಳೆಯ ಕಂಪ್ಯೂಟರಿನಲ್ಲೇ ಮಾಡುವುದು. ಅದರ ಹಾರ್ಡ್ ಡಿಸ್ಕ್ ಇನ್ನೂ ಡಾಸಿಗೆ ಎದ್ದೇಳುತ್ತಿದೆ ಎಂದಾದರೆ ಫ್ಲಾಪಿ ಹಾಕಿ, ಫಾರ್ಮ್ಯಾಟ್ ಕಮಾಂಡಿಗೆ ಎ ಡ್ರೈವಿನ ಹೆಸರು ಕೊಟ್ಟು, ಕೊನೆಗೆ ಸ್ಲ್ಯಾಶ್ ಎಸ್ ಸೇರಿಸಿ. ಫಾರ್ಮ್ಯಾಟ್ ಆಗಿ, ಬೂಟ್ ಸೆಕ್ಟರ್ ಬಿದ್ದು, ಐಓ.ಸಿಸ್, ಎಂಎಸ್‌ಡಾಸ್.ಸಿಸ್, ಕಮಾಂಡ್.ಕಾಮ್ ಮೂರೂ ಬಂದು ಕೂರುತ್ತವೆ. ಮೊದಲೇ ಫಾರ್ಮ್ಯಾಟ್ ಆದ ಡಿಸ್ಕ್ ಇದ್ದರೆ ಸಿಸ್ ಕಮಾಂಡ್ ಸಾಕು. ಬರೆದದ್ದೂ ಓದುವುದೂ ಒಂದೇ ಡ್ರೈವ್ ಆದ್ದರಿಂದ ಹೆಡ್ ಹೊಂದಾಣಿಕೆಯ ತಕರಾರೇ ಇಲ್ಲ. ಹಾರ್ಡ್ ಡಿಸ್ಕ್ ಇನ್ನೂ ಬದುಕಿರುವಾಗಲೇ ಈ ಕೆಲಸ ಮಾಡಿಟ್ಟುಕೊಳ್ಳಿ ಎಂದು ಹಳೆಯ ಕಂಪ್ಯೂಟರ್ ಇರುವ ಎಲ್ಲರಿಗೂ ಹೇಳುತ್ತೇನೆ.

ಆ ಯಂತ್ರ ಏಳುತ್ತಲೇ ಇಲ್ಲವಾದರೆ ಎರಡನೇ ಕಂಪ್ಯೂಟರಿನಲ್ಲಿ ಇಮೇಜ್ ಫೈಲಿನಿಂದ ಬರೆಯಬೇಕು. ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಪರಿಚಯದವರೊಬ್ಬರು ಒಂದು ಫ್ಲಾಪಿ ತಂದುಕೊಟ್ಟು, ಮೂರು ಡಿಸ್ಕ್ ಬದಲಾಯಿಸಿದರೂ ಬೂಟ್ ಆಗಲ್ಲ, ಡ್ರೈವ್ ಹೋಗಿರಬೇಕು ಅಂದರು. ತೆರೆದು ನೋಡಿದರೆ ಒಳಗೆ ಒಂದೇ ಫೈಲ್, ಅದೇ ಇಮೇಜ್ ಫೈಲ್. ಅವರು ಅದನ್ನು ಎಳೆದು ಫ್ಲಾಪಿಯ ಮೇಲೆ ಬಿಟ್ಟಿದ್ದರು. ಇಮೇಜ್ ಅನ್ನೋದು ಇಡೀ ಡಿಸ್ಕಿನ ಅಚ್ಚು. ಅದನ್ನು ಕಾಪಿ ಮಾಡಬಾರದು, ಸೆಕ್ಟರಿನಿಂದ ಸೆಕ್ಟರಿಗೆ ಇಳಿಸಬೇಕು. ಅವರದ್ದು 1.2 ಎಂಬಿಯ ಇಮೇಜ್, ಅದಕ್ಕೇ 1.44ರ ಫ್ಲಾಪಿಯೊಳಗೆ ಫೈಲಾಗಿ ಹಿಡಿದಿತ್ತು. ಪೂರ್ತಿ 1.44ರ ಇಮೇಜ್ ಆಗಿದ್ದರೆ ಜಾಗ ಸಾಲದು ಎಂದು ಆಗಲೇ ಗೊತ್ತಾಗುತ್ತಿತ್ತು. ಸರಿಯಾದ ಗಾತ್ರದ ಇಮೇಜನ್ನು ಸರಿಯಾದ ಪ್ರೋಗ್ರಾಂನಿಂದ ಬರೆದುಕೊಟ್ಟ ಮೇಲೆ ಅದೇ ಡ್ರೈವ್ ಸರಾಗವಾಗಿ ಓದಿತು.

ವಿಂಡೋಸಿನಲ್ಲಿ ಇದಕ್ಕೆ ರಾರೈಟ್, ವಿನ್‌ಇಮೇಜ್ ತರದ ಪ್ರೋಗ್ರಾಂಗಳಿವೆ. ಲಿನಕ್ಸಿನಲ್ಲಿ ಡಿಡಿ ಕಮಾಂಡ್ ಇದೆ. ಡಿಡಿ ಬಳಸುವಾಗ ಯಾವ ಡ್ರೈವಿಗೆ ಬರೆಯುತ್ತಿದ್ದೀರಿ ಎಂದು ಎರಡೆರಡು ಸಲ ನೋಡಿ. ಹೆಸರು ತಪ್ಪಿದರೆ ಅದು ಕೇಳದೆ ನಿಮ್ಮ ಹಾರ್ಡ್ ಡಿಸ್ಕಿನ ಮೇಲೇ ಬರೆದುಬಿಡುತ್ತದೆ. ಬರೆಯುವ ಮೊದಲು ಇಮೇಜ್ ಫೈಲಿನ ಗಾತ್ರ ಪರೀಕ್ಷಿಸುವುದು ನನ್ನ ಅಭ್ಯಾಸ. 1.44ರದ್ದು 14,74,560 ಬೈಟ್ ಇರಬೇಕು: 80 ಟ್ರ್ಯಾಕ್, ಎರಡು ಬದಿ, ಟ್ರ್ಯಾಕಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟ್. 720ರದ್ದು ಇದರ ಅರ್ಧ.

ಈಗ ಡ್ರೈವ್ ಆಯ್ಕೆ. ಯುಎಸ್‌ಬಿ ಫ್ಲಾಪಿ ಡ್ರೈವ್ ಕಡಿಮೆ ಖರ್ಚಿನದ್ದು, ಚುಚ್ಚಿದರೆ ಸಾಕು. 1.44ರ ಒಂದೆರಡು ಫ್ಲಾಪಿ ಬರೆಯಲು ಇದಕ್ಕಿಂತ ಸುಲಭ ಇಲ್ಲ. ಆದರೆ ಇದಕ್ಕೆ ಗೊತ್ತಿರುವುದು ಕೆಲವೇ ಫಾರ್ಮ್ಯಾಟ್. 1.44 ಖಂಡಿತ, 720 ಕೆಲವು ಡ್ರೈವುಗಳಲ್ಲಿ ಮಾತ್ರ. ಒಂದು ಫ್ಲಾಪಿಗೆ 1.68 ಎಂಬಿ ತುಂಬುವಂಥ ವಿಶೇಷ ಫಾರ್ಮ್ಯಾಟುಗಳು ಇದರಿಂದ ಆಗದು. ಐದೂಕಾಲು ಇಂಚಿನದ್ದಂತೂ ಇಲ್ಲವೇ ಇಲ್ಲ.

ಜಾಗ ಇದ್ದವರಿಗೆ ನಾನು ಹೇಳುವುದು, ಒಂದು ಸೇತುವೆ ಕಂಪ್ಯೂಟರ್ ಇಟ್ಟುಕೊಳ್ಳಿ. ಮದರ್‌ಬೋರ್ಡಿನಲ್ಲಿ 34 ಪಿನ್ನಿನ ಫ್ಲಾಪಿ ಕನೆಕ್ಟರೂ ಇರಬೇಕು, ಯುಎಸ್‌ಬಿ ಮತ್ತು ನೆಟ್‌ವರ್ಕೂ ಇರಬೇಕು. ಪೆಂಟಿಯಂ 4ರ ಕಾಲದ ಯಂತ್ರಗಳಲ್ಲಿ ಇವೆಲ್ಲ ಸಾಮಾನ್ಯ. ಯಾರೂ ಬೇಡವೆಂದು ಮೂಲೆಗೆ ತಳ್ಳಿರುವುದೇ ಸಿಗಬಹುದು. ನಿಜವಾದ ಫ್ಲಾಪಿ ಕಂಟ್ರೋಲರ್ ಇರುವುದರಿಂದ 720, 1.44, 1.2, 360 ಯಾವುದಕ್ಕೂ ಸರಿಯಾದ ಡ್ರೈವ್ ಜೋಡಿಸಿ ಬರೆಯಬಹುದು. ಜಾಗ ತಿನ್ನುತ್ತದೆ, ಅದೊಂದೇ ಕಷ್ಟ.

ಗ್ರೀಸ್‌ವೀಸಲ್ ಎಂಬ ಸಣ್ಣ ಬೋರ್ಡ್ ಇನ್ನೊಂದು ದಾರಿ. ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ಮಾಮೂಲಿ ಫ್ಲಾಪಿ ಡ್ರೈವ್. ಇದು ಸೆಕ್ಟರಿನ ಗೊಡವೆಗೇ ಹೋಗದೆ ಡಿಸ್ಕಿನ ಕಾಂತೀಯ ಬದಲಾವಣೆಗಳನ್ನೇ ನೇರವಾಗಿ ಓದಿ ಬರೆಯುತ್ತದೆ. ಹಾಗಾಗಿ ಪಿಸಿಯ ಕಂಟ್ರೋಲರಿಗೆ ಆಗದ, ಅಮಿಗಾ ಎಂಬ ಬೇರೆ ಬಗೆಯ ಕಂಪ್ಯೂಟರಿನ 880 ಕೆಬಿ ಡಿಸ್ಕೂ ಇದರಿಂದ ಆಗುತ್ತದೆ. ಕೈಯಲ್ಲಿ ಹಲವು ಬಗೆಯ ಹಳೆಯ ಯಂತ್ರಗಳಿದ್ದರೆ, ಹಾಳಾಗುತ್ತಿರುವ ಡಿಸ್ಕುಗಳನ್ನು ಉಳಿಸಬೇಕಿದ್ದರೆ ಇದಕ್ಕೆ ಹಣ ಹಾಕಿ. ಒಂದು ಡಾಸ್ ಫ್ಲಾಪಿಗಾಗಿ ಇಷ್ಟೆಲ್ಲ ಬೇಡ.

ಫ್ಲಾಪಿಯೇ ಬೇಡವೆನ್ನುವ ಗೋಟೆಕ್

ಗೋಟೆಕ್ ನೋಡಲು ಫ್ಲಾಪಿ ಡ್ರೈವಿನಂತೆಯೇ ಇರುತ್ತದೆ, ಅದೇ ಕೇಬಲ್, ಅದೇ ಜಾಗ. ಮುಂದೆ ಡಿಸ್ಕಿನ ಬದಲು ಪೆನ್ ಡ್ರೈವ್ ಚುಚ್ಚುತ್ತೀರಿ. ಒಳಗಿನ ಇಮೇಜ್ ಫೈಲುಗಳನ್ನೇ ಅದು ಫ್ಲಾಪಿ ಎಂದು ಹಳೆಯ ಕಂಪ್ಯೂಟರಿಗೆ ತೋರಿಸುತ್ತದೆ. ಅದರ ಸ್ವಂತ ಫರ್ಮ್‌ವೇರ್ (ಒಳಗೆ ಓಡುವ ಪ್ರೋಗ್ರಾಂ) ಅಷ್ಟಕ್ಕಷ್ಟೇ. ಫ್ಲ್ಯಾಶ್‌ಫ್ಲಾಪಿ ಎಂಬ ಉಚಿತ ಫರ್ಮ್‌ವೇರ್ ಹಾಕಿಕೊಂಡರೆ ಇಮೇಜ್ ಫೈಲುಗಳನ್ನು ಹಾಗೇ ಪೆನ್ ಡ್ರೈವಿಗೆ ಕಾಪಿ ಮಾಡಿ ಬಳಸಬಹುದು. ಡಬಲ್ ಡೆನ್ಸಿಟಿ ಮಾತ್ರ ಗೊತ್ತಿರುವ, 8088 ಕಾಲದ ಎಕ್ಸ್‌ಟಿ ಯಂತ್ರಕ್ಕೆ 360ರ ಇಮೇಜ್ ಕೊಟ್ಟರೂ ನಡೆಯುತ್ತದೆ.

ಸಿಡಿಯಿಂದ ಬೂಟ್ ಆಗದ ಯಂತ್ರದಲ್ಲಿ ವಿಂಡೋಸ್ 2000ಕ್ಕೆ ನಾಲ್ಕು ಸೆಟಪ್ ಫ್ಲಾಪಿ ಬೇಕು, ಎಕ್ಸ್‌ಪಿಗೆ ಆರು. ನಾಲ್ಕನೆಯದರಲ್ಲಿ ಒಂದು ಸೆಕ್ಟರ್ ಕೆಟ್ಟಿದ್ದರೆ ಮತ್ತೆ ಮೊದಲಿನಿಂದ. ಇಂಥಲ್ಲಿ ಗೋಟೆಕ್ ನಿಜಕ್ಕೂ ಉಸಿರಾಡಲು ಬಿಡುತ್ತದೆ. ಸೋನಿ 2011ರಲ್ಲೇ ಫ್ಲಾಪಿ ಮಾರಾಟ ನಿಲ್ಲಿಸಿತು, ಈಗ ನಮಗೆ ಸಿಗುವುದೆಲ್ಲ ಹಳೆಯ ದಾಸ್ತಾನು. ಅದಕ್ಕೇ ದಿನಾ ಬಳಸುವ ಯಂತ್ರಕ್ಕೆ ನನ್ನ ಮತ ಗೋಟೆಕ್‌ಗೆ. ಆದರೆ ಹಳೆಯ ಲ್ಯಾಪ್‌ಟಾಪಿನ ತೆಳ್ಳಗಿನ ಡ್ರೈವಿನ ಜಾಗದಲ್ಲಿ ಇದು ಕೂರುವುದಿಲ್ಲ, ಅಲ್ಲಿ ಕೇಬಲ್ಲೂ ಬೇರೆ. ಯಂತ್ರದ ಮೂಲ ರೂಪ ಕೆಡಿಸಬಾರದು ಅನ್ನುವವರಿಗೂ ಒಪ್ಪದು. ಆ ಗರ್ ಗರ್ ಸದ್ದೂ ಇರುವುದಿಲ್ಲ, ನನಗೆ ಅದು ಬೇಕು ಅನ್ನಿಸುತ್ತದೆ.

ಫ್ಲಾಪಿ ಬರೀ ಮೆಟ್ಟಿಲಾದರೆ

ಕೆಲವರಿಗೆ ಡಾಸ್ ಬೇಕೇ ಇಲ್ಲ. ಲಿನಕ್ಸ್ ಸಿಡಿಯೋ ಪೆನ್ ಡ್ರೈವೋ ಇದೆ, ಬಯಾಸ್ ಅದರಿಂದ ಬೂಟ್ ಮಾಡಲು ಒಪ್ಪುತ್ತಿಲ್ಲ, ಅಷ್ಟೇ. ಅವರಿಗೆ ಪ್ಲಾಪ್ ಬೂಟ್ ಮ್ಯಾನೇಜರ್ ಸಾಕು. ಅದು ಫ್ಲಾಪಿಯಿಂದ ಎದ್ದು, ತನ್ನದೇ ಡ್ರೈವರ್ ಬಳಸಿ ಸಿಡಿಗೋ ಯುಎಸ್‌ಬಿಗೋ ದಾಟಿಸುತ್ತದೆ. ಇಡೀ ಲಿನಕ್ಸನ್ನೇ ಫ್ಲಾಪಿಗೆ ತುರುಕುವ ಆಸೆ ಬೇಡ. ಮಾಮೂಲಿ ಬಳಕೆಯ ಈಗಿನ ಕರ್ನಲ್ (ಲಿನಕ್ಸಿನ ಮೂಲ ಭಾಗ) ಅದರಲ್ಲಿ ಹಿಡಿಯುವುದಿಲ್ಲ.

ಹಾಗಾದರೆ ನಿಮಗೆ ಯಾವುದು?

1.44 ಡ್ರೈವಿರುವ ಪೆಂಟಿಯಂ, ಆಗಬೇಕಾದ್ದು ಬಯಾಸ್ ಅಪ್‌ಡೇಟ್: ಯುಎಸ್‌ಬಿ ಡ್ರೈವಿನಲ್ಲಿ ಬರೆದ ಫ್ರೀಡಾಸ್. ಬೂಟ್ ಆಗುವಾಗ ಮೆಮೊರಿ ಮ್ಯಾನೇಜರುಗಳನ್ನು ಲೋಡ್ ಮಾಡಬೇಡಿ, ಅಪ್‌ಡೇಟ್ ಪ್ರೋಗ್ರಾಂಗಳಿಗೆ ಖಾಲಿ ಡಾಸ್ ಇಷ್ಟ. ಅದೇ ಯಂತ್ರಕ್ಕೆ ಸಿಡಿಯಿಂದ ವಿಂಡೋಸ್ 95 ಅಥವಾ 98 ಹಾಕಬೇಕು ಅಂದರೆ 98ರ ಸ್ಟಾರ್ಟಪ್ ಡಿಸ್ಕ್, ಯೋಚನೆ ಬೇಡ. ಹಳೆಯ ಆಟ ಆಡಲು 486 ಇಟ್ಟುಕೊಂಡವರು ಎಂಎಸ್-ಡಾಸ್ 6.22 ಮತ್ತು ಗೋಟೆಕ್. ಎಕ್ಸ್‌ಟಿ, 286 ಇರುವವರು ಡಾಸ್‌ಗಿಂತ ಮೊದಲು ಡಿಸ್ಕಿಗೆ ಗಮನ ಕೊಡಿ: ಸರಿಯಾದ ಡೆನ್ಸಿಟಿಯ ಡಿಸ್ಕ್, ನಿಜವಾದ ಕಂಟ್ರೋಲರ್ ಇರುವ ಸೇತುವೆ ಕಂಪ್ಯೂಟರ್. ಡಾಸ್‌ನಲ್ಲಿ 720ಕ್ಕೆ ಕನಿಷ್ಠ 3.2 ಬೇಕು, 1.44ಕ್ಕೆ 3.3 ಬೇಕು ಅನ್ನೋದೂ ನೆನಪಿರಲಿ. ಹಣ ಖರ್ಚು ಮಾಡುವ ಮನಸ್ಸೇ ಇಲ್ಲದವರು, ಫ್ಲಾಪಿ ಡ್ರೈವ್ ಇರುವ ಸ್ನೇಹಿತರ ಹಳೆಯ ಕಂಪ್ಯೂಟರ್ ಹುಡುಕಿ. ಒಂದು ಡಿಸ್ಕ್ ಬರೆಯಲು ಎರಡು ನಿಮಿಷ ಸಾಕು.

ಯಾವುದೇ ದಾರಿ ಹಿಡಿದರೂ ಬರೆಯುವ ಮೊದಲು ಡಿಸ್ಕಿನ ಲೋಹದ ಬಾಗಿಲು ಸರಿಸಿ ಒಳಗಿನ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಚುಕ್ಕೆ, ಬೂಷ್ಟು, ಗೀರು ಕಂಡರೆ ಅದನ್ನು ಡ್ರೈವಿಗೆ ಹಾಕಲೇಬೇಡಿ, ಹೆಡ್ಡೂ ಹಾಳಾಗುತ್ತದೆ. ಚೆನ್ನಾಗಿರುವುದನ್ನು ಕ್ವಿಕ್ ಅಲ್ಲ, ಪೂರ್ತಿ ಫಾರ್ಮ್ಯಾಟ್ ಮಾಡಿ. ಒಂದೇ ಒಂದು ಕೆಟ್ಟ ಸೆಕ್ಟರ್ ತೋರಿಸಿದರೂ ಬೂಟ್ ಡಿಸ್ಕಿಗೆ ಅದು ಬೇಡ.

ಬರೆದ ಡಿಸ್ಕನ್ನು ಹಾಕಿದಾಗ ಹಳೆಯ ಯಂತ್ರ ಅದರ ಕಡೆ ನೋಡದೆ ಹೋದರೆ ಬಯಾಸ್ ಸೆಟಪ್ಪಿಗೆ ಹೋಗಿ. ಅಟ್ಟದ ಮೇಲೆ ವರ್ಷಗಟ್ಟಲೆ ಕೂತ ಯಂತ್ರದ ಬ್ಯಾಟರಿ ಸತ್ತು, ಡ್ರೈವ್ ಯಾವುದೆಂದೇ ಅದು ಮರೆತಿರುತ್ತದೆ. ಡ್ರೈವಿನ ಬಗೆ ಸರಿಪಡಿಸಿ, ಬೂಟ್ ಸರದಿಯಲ್ಲಿ ಎ ಮೊದಲು ಬರುವಂತೆ ಮಾಡಿ. ಡ್ರೈವಿನ ದೀಪ ಆರದೆ ಉರಿಯುತ್ತಲೇ ಇದ್ದರೆ ಕೇಬಲ್ ತಿರುಗುಮುರುಗಾಗಿದೆ ಎಂದರ್ಥ. ಬೂಟ್ ಆಯಿತು ಅಂದ ಮೇಲೆ ಅದೇ ಡ್ರೈವಿನಲ್ಲಿ ಡಿಸ್ಕ್‌ಕಾಪಿ ಕಮಾಂಡ್ ಕೊಟ್ಟು ಎರಡನೇ ಪ್ರತಿ ಮಾಡಿ. ಎರಡಕ್ಕೂ ಮೂಲೆಯ ಬಾಗಿಲು ಸರಿಸಿ ಬೀಗ ಹಾಕಿ, ಲೇಬಲ್ಲಿನ ಮೇಲೆ ಯಾವ ಡಾಸ್, ಯಾವ ಯಂತ್ರ, ಯಾವ ದಿನ ಎಂದು ಬರೆದಿಡಿ.